ಸೀ ಅನಿಮೋನ್ ಮೈಗೆ ಅಂಟಿದ ಮರಿಗಳು ಅದರ ಮೈಯಿಂದಲೇ ಮೊಳೆತವಾ?

ಇಲ್ಲ, ಮೊಳೆತದ್ದಲ್ಲ. ಫೋಟೋ ನೋಡಿದರೆ ಹಾಗೇ ಅನ್ನಿಸುತ್ತದೆ, ಅಲ್ವಾ?

ಸೀ ಅನಿಮೋನ್ ಅಂದರೆ ಹೂವಿನ ಹಾಗೆ ಕಾಣುವ ಒಂದು ಕಡಲಪ್ರಾಣಿ. ಹೀಗೆ ಮೈಮೇಲೆ ಮರಿ ಅಂಟಿಸಿಕೊಂಡಿರುವ ಈ ಜಾತಿಯ ಹೆಸರು ಎಪಿಯಾಕ್ಟಿಸ್ ಪ್ರೊಲಿಫೆರಾ. ಉತ್ತರ ಅಮೆರಿಕದ ಪೆಸಿಫಿಕ್ ದಡದ ಬಂಡೆಗಳ ಮೇಲೆ, ಕಡಲಹುಲ್ಲಿನ ಎಲೆಗಳ ಮೇಲೆ ಇರುತ್ತದೆ. ತತ್ತಿ ಫಲಿಸುವುದು ತಾಯಿಯ ಹೊಟ್ಟೆಯೊಳಗೇ. ಅಲ್ಲಿಂದ ಎಳೆಮರಿ ಬಾಯಿ ಮೂಲಕ ಹೊರಬರುತ್ತದೆ. ಈ ಪ್ರಾಣಿಗೆ ಉಣ್ಣೋದಕ್ಕೂ ಹೊರಹಾಕೋದಕ್ಕೂ ಇರೋದು ಅದೊಂದೇ ದಾರಿ! ಆಮೇಲೆ ತಾಯಿಯ ಮೈಮೇಲೆ ಕೆಳಗೆ ಜಾರಿ, ಬುಡದ ಹತ್ತಿರ ಕಚ್ಚಿಕೊಳ್ಳುತ್ತದೆ. ಸುಮಾರು 3 ತಿಂಗಳು ಅಲ್ಲೇ ಠಿಕಾಣಿ.

ನಮ್ಮ ವಿಜಯಪುರದ ಕಡೆ ಹೊಲದಲ್ಲಿ ಕಲ್ಲು ಎತ್ತಿದಾಗ ಬೆನ್ನ ಮೇಲೆ ಮರಿ ಹೊತ್ತ ಚೇಳು ಕಂಡಿದ್ದರೆ, ನೋಟ ಹೆಚ್ಚುಕಡಿಮೆ ಅದೇ. ಆದರೆ ಅನಿಮೋನ್ ಮರಿಗಳು ಸುಮ್ನೆ ಕೂರುವುದಿಲ್ಲ. ತಮ್ಮ ಪುಟ್ಟ ಕರಬಳ್ಳಿಗಳಿಂದ ತಾವೇ ಬೇಟೆ ಹಿಡಿದು ತಿನ್ನುತ್ತವೆ. ಸ್ವಲ್ಪ ಬಲಿತ ಮೇಲೆ ತೆವಳಿಕೊಂಡು ಹೋಗಿ ಬೇರೆ ಜಾಗ ಹಿಡಿಯುತ್ತವೆ.

ನನಗೆ ಇದಕ್ಕಿಂತ ಜಾಸ್ತಿ ಸೋಜಿಗ ಅನ್ನಿಸಿದ್ದು ಇನ್ನೊಂದು. ಇವು ಪ್ರಾಯಕ್ಕೆ ಬಂದಾಗ ಎಲ್ಲವೂ ಹೆಣ್ಣೇ. ಇನ್ನೂ ದೊಡ್ಡದಾದ ಮೇಲೆ ಒಂದೇ ಮೈಯಲ್ಲಿ ಹೆಣ್ಣು, ಗಂಡು ಎರಡೂ. ಬರೀ ಗಂಡು ಅನ್ನೋದು ಇಲ್ಲವೇ ಇಲ್ಲ. ಇದನ್ನು 1975ರಲ್ಲಿ ಡಾಫ್ನಿ ಡನ್ ಎಂಬ ವಿಜ್ಞಾನಿ ಬರೆದು ತಿಳಿಸಿದರು.