ಪೋಲಿಷ್ ಮ್ಯೂಸಿಯಂಗೆ ಹೋಗಬಹುದಾ ಅಂತ ಕೇಳಿದ್ರಲ್ಲ

ಚಿಕಾಗೋಗೆ ಬಂದು ತಿಂಗಳಾಯಿತು, ಎರಡೇ ವರ್ಷದ ಪ್ರಾಜೆಕ್ಟ್, ಗಾಳಿ ತುಂಬಿದ ಹಾಸಿಗೆ ಮೇಲೆ ಮಲಗ್ತಿದ್ದೀನಿ, ಮಂಚ ಕೊಳ್ಳಬೇಕಾ ಬೇಡವಾ ಅಂತ ಕೇಳಿದ್ದೀರಿ. ಜೊತೆಗೆ, ಚಳಿಗಾಲದ ಶನಿವಾರಕ್ಕೆ ಪೋಲಿಷ್ ಮ್ಯೂಸಿಯಂ ಆಗುತ್ತಾ ಅಂತ. ಮೊದಲು ಮ್ಯೂಸಿಯಂ ವಿಷಯ ಹೇಳ್ತೀನಿ.

ಖಂಡಿತ ಹೋಗಿ. ಬ್ಲೂ ಲೈನ್ ರೈಲಿನಲ್ಲಿ ಡಿವಿಷನ್ ಸ್ಟೇಷನ್‌ಗೆ ಇಳಿದು ಮಿಲ್ವಾಕೀ ಅವೆನ್ಯೂ ಹಿಡಿದು ನಡೆದರೆ ಸಾಕು. ಏರ್‌ಪೋರ್ಟ್‌ನಿಂದ ಬರುವಾಗ ಕೆನಡಿ ಎಕ್ಸ್‌ಪ್ರೆಸ್‌ವೇಗೆ ಅಂಟಿಕೊಂಡ ಹಾಗೆ ಒಂದು ಹಳೇ ಚರ್ಚ್ ಕಂಡಿರಬೇಕು. ಅದೂ ಪೋಲಿಷರದೇ. ಅದನ್ನು ಕೆಡವಲು ಬಿಡಲಿಲ್ಲ, ಕೊನೆಗೆ ರಸ್ತೆಯೇ ಬಳಸಿಕೊಂಡು ಹೋಯಿತು!

ಮ್ಯೂಸಿಯಂ ಇರುವುದು 1873ರಲ್ಲಿ ಶುರುವಾದ ಪೋಲಿಷ್ ಕ್ಯಾಥೊಲಿಕ್ ಸಂಘದ ಕಟ್ಟಡದಲ್ಲಿ. ಸದಸ್ಯರ ಹತ್ತಿರ ಚಂದಾ ಎತ್ತಿ ಜೀವವಿಮೆ ನಡೆಸಿದ ಸಂಘ ಅದು. ಮ್ಯೂಸಿಯಂ ಬಾಗಿಲು ತೆರೆದದ್ದು 1937ರಲ್ಲಿ. ದೊಡ್ಡ ಹಾಲ್‌ನಲ್ಲಿ ಬಣ್ಣದ ಗಾಜಿನ ಕಿಟಕಿ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. 1939ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಪೋಲೆಂಡ್ ಕಳಿಸಿದ್ದು. ಮೇಳ ಮುಗಿಯುವ ಮೊದಲೇ ಸೆಪ್ಟೆಂಬರ್‌ನಲ್ಲಿ ಜರ್ಮನಿ ಪೋಲೆಂಡ್ ಮೇಲೆ ನುಗ್ಗಿತು. ಸಾಮಾನು ವಾಪಸ್ ಕಳಿಸೋಣ ಅಂದರೆ ಊರೇ ಇಲ್ಲ. ಅದರಲ್ಲಿ ಎಷ್ಟೋ ಸಾಮಾನನ್ನು ಈ ಮ್ಯೂಸಿಯಂ ಕೊಂಡಿತು.

ಪಡೆರೆವ್‌ಸ್ಕಿ ಕೋಣೆಯನ್ನಂತೂ ಬಿಡಬೇಡಿ. ಜಗತ್ತೇ ಸುತ್ತಿದ ಪಿಯಾನೋ ವಾದಕ, 1919ರಲ್ಲಿ ಪೋಲೆಂಡಿನ ಪ್ರಧಾನಿ. 1941ರಲ್ಲಿ ನ್ಯೂಯಾರ್ಕ್‌ನ ಹೋಟೆಲ್‌ನಲ್ಲಿ ತೀರಿಕೊಂಡರು. ಆ ಹೋಟೆಲ್ ಕೋಣೆಯ ಸಾಮಾನು, ಪಿಯಾನೋ ಎಲ್ಲಾ ಇಲ್ಲಿದೆ. ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಕಾಣುತ್ತದೆ. ದೇಶ ಬಿಡುಗಡೆಯಾದ ಮೇಲೆ ಕಳಿಸೋಣ ಅಂತ ದೇಹವನ್ನು ಅಮೆರಿಕದ ಅರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಇಟ್ಟರು. ಅದು ವಾರ್ಸಾಗೆ ಹೋದದ್ದು 1992ರಲ್ಲಿ. ಹೃದಯ ಮಾತ್ರ ಈಗಲೂ ಪೆನ್ಸಿಲ್ವೇನಿಯಾದಲ್ಲಿದೆ.

ಅಲ್ಲೇ ಒಬ್ಬ ಪೋಲಿಷ್ ಅಜ್ಜಿ ನನ್ನನ್ನು ಯಾವ ಊರು ಅಂತ ಕೇಳಿದ್ದರು. ನಿಪ್ಪಾಣಿ ಅಂದರೆ ಇವರಿಗೇನು ಗೊತ್ತು ಅಂತ, ಸುಮ್ನೆ 'ಕೊಲ್ಹಾಪುರದ ಹತ್ತಿರ' ಅಂದೆ. ಅಜ್ಜಿ ಥಟ್ಟನೆ 'ವಳಿವಡೆ!' ಅಂದರು. ನನಗೆ ಮಾತೇ ಹೊರಡಲಿಲ್ಲ. ಯುದ್ಧದ ಕಾಲದಲ್ಲಿ, 1943ರಿಂದ 48ರವರೆಗೆ, ಸುಮಾರು 5,000 ಪೋಲಿಷ್ ನಿರಾಶ್ರಿತರು ಕೊಲ್ಹಾಪುರದ ಪಕ್ಕದ ಆ ಹಳ್ಳಿಯಲ್ಲಿ ಕ್ಯಾಂಪಿನಲ್ಲಿದ್ದರಂತೆ. ಬಾಲ್ಯವೆಲ್ಲ ಬಸ್ಸಿನಲ್ಲಿ ಅದೇ ಕಡೆ ಓಡಾಡಿದವನಿಗೆ ಇದು ಗೊತ್ತಾಗಲು ಚಿಕಾಗೋಗೆ ಬರಬೇಕಾಯಿತು ನೋಡಿ.

ಹೊರಗೆ ಬಂದು ಪಿಯೆರೋಗಿ ತಿನ್ನಿ. ನಮ್ಮ ಕಡುಬಿನ ತಮ್ಮ ಅನ್ನಬಹುದು. ಆಲೂಗಡ್ಡೆ, ಚೀಸ್ ತುಂಬಿದ್ದು ಕೇಳಿ. ಸಸ್ಯಾಹಾರಿಯಾದರೆ ಮೇಲೆ ಬೇಕನ್ (ಹಂದಿ ಮಾಂಸ) ಚೂರು ಹಾಕಬೇಡಿ ಅಂತ ಮೊದಲೇ ಹೇಳಿ. ನಾನು ಹೇಳದೆ ಒಮ್ಮೆ ಪೂರ್ತಿ ತಟ್ಟೆ ಬಿಟ್ಟು ಎದ್ದಿದ್ದೀನಿ.

ಇನ್ನು ಮಂಚ. ನಾನೂ ಎರಡೇ ವರ್ಷ ಅಂತ ಬಂದವನು. ಹತ್ತೊಂಬತ್ತಾಯಿತು. ತಗೊಂಡುಬಿಡಿ, ಬೆನ್ನು ನೋವು ಬಂದೀತು.