ಫಾಗಿಂಗ್ ಒಂದೇ ಸಾಕಾಗಲ್ಲ, ನೀರು ಹುಡುಕಿ

ಸಿದ್ದಾಪುರದ ಹತ್ರ ನಿಮ್ಮ ಲೈನ್‌ಮನೆಗಳಲ್ಲಿ (ತೋಟದ ಕೆಲಸದವರ ಸಾಲುಮನೆ) ಇಬ್ಬರಿಗೆ ಡೆಂಗ್ಯೂ ಆಗಿದೆ, ಪಂಚಾಯ್ತಿಯವ್ರು ಹೊಗೆ ಹಾಕಿದ್ರೆ ಸಾಕಾ ಅಂತ ಕೇಳಿದ್ರಲ್ಲ, ಸಾಕಾಗಲ್ಲ. ಹೊಗೆಗೆ ಸಾಯೋದು ಹಾರೋ ಸೊಳ್ಳೆ ಮಾತ್ರ, ನೀರಲ್ಲಿರೋ ಮರಿ ಹಾಗೇ ಉಳಿಯುತ್ತೆ, ಒಂದು ವಾರ ಹತ್ತು ದಿನದಲ್ಲಿ ಮತ್ತೆ ಸೊಳ್ಳೆ ರೆಡಿ.

ನಮ್ಮ ಕಡೆ ಹೋದ ಮಳೆಗಾಲ ನಾವು ಎಂಟು ಜನ ಸೇರಿ ಭಾನುವಾರ ಬೆಳಿಗ್ಗೆ ಮನೆಮನೆ ಸುತ್ತಿದ್ವಿ. ಚರಂಡೀಲಿ ಏನೂ ಸಿಗ್ಲಿಲ್ಲ, ಆದ್ರೆ ಸೌದೆ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೇಲಿ ಒಂದು ಲೋಟದಷ್ಟು ನೀರು, ಟಾರ್ಚ್ ಬಿಟ್ಟು ನೋಡಿದ್ರೆ ಮರಿಗಳು ಪಿತಪಿತ ಅಂತಿದ್ವು! ಡೆಂಗ್ಯೂ ಸೊಳ್ಳೆಗೆ ಹೆಚ್ಚಾಗಿ ಇಂಥ ತಿಳಿನೀರೇ ಬೇಕು, ಕಚ್ಚೋದೂ ಹೆಚ್ಚಾಗಿ ಹಗಲಲ್ಲೇ. ಡ್ರಮ್ಮು, ಹಳೇ ಟಯರು, ಫ್ರಿಜ್ ಹಿಂದಿನ ಟ್ರೇ, ರಬ್ಬರ್ ತೋಟ ಇದ್ರೆ ಮರದ ಹಾಲು ಹಿಡಿಯೋ ಚಿಪ್ಪು, ಎಲ್ಲಾ ನೋಡಿ. ನೀರು ಚೆಲ್ಲಿದ್ರಷ್ಟೇ ಆಗಲ್ಲ, ಒಳಗೋಡೆಗೆ ಅಂಟಿರೋ ಮೊಟ್ಟೆ ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ, ಅದಕ್ಕೆ ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಲೇಬೇಕು.

ಜ್ವರ ಇರೋರನ್ನ ಹಗಲಲ್ಲೂ ಸೊಳ್ಳೆಪರದೆ ಒಳಗೇ ಮಲಗಿಸಿ, ಅವರನ್ನ ಕಚ್ಚಿದ ಸೊಳ್ಳೆಯಿಂದಲೇ ಪಕ್ಕದ ಮನೆಗೆ ಹರಡೋದು. ಆಸ್ಪಿರಿನ್, ಐಬುಪ್ರೊಫೆನ್ ಕೊಡ್ಬೇಡಿ, ರಕ್ತಸ್ರಾವ ಜಾಸ್ತಿ ಆಗ್ಬಹುದು, ಪ್ಯಾರಾಸಿಟಮಾಲ್ ಸಾಕು. ಜ್ವರ ಇಳಿಯೋ ಹೊತ್ತಿಗೇ ಹೊಟ್ಟೆನೋವು, ಬಿಡದೆ ವಾಂತಿ, ವಸಡಲ್ಲಿ ರಕ್ತ ಕಂಡ್ರೆ ದಯವಿಟ್ಟು ಬೆಳಗಾಗ್ಲಿ ಅಂತ ಕಾಯ್ಬೇಡಿ, ಜೀಪ್ ಮಾಡಿ ತಕ್ಷಣ ಆಸ್ಪತ್ರೆಗೆ ಹೋಗಿ.

ಮನೆಮನೆ ನೋಡೋಕೆ ಹೊರಡೋ ಮೊದಲು ಆಶಾ ಕಾರ್ಯಕರ್ತೆಗೆ ಹೇಳಿ, ಅವರ ಜೊತೆ ನಿಮ್ಮವರೇ ಇಬ್ಬರು ಹೋದ್ರೆ ಬಾಗಿಲು ಬೇಗ ತೆಗೀತಾರೆ. ಹೊರಗಿಂದ ಬಂದ ಕಾರ್ಮಿಕರ ಲೈನ್ ಬಿಡ್ಬೇಡಿ, ಅಲ್ಲಿ ಹಿಂದಿ ಬರೋರು ಒಬ್ಬರಾದ್ರೂ ಇರ್ಲಿ.