ಸೊರಬದಲ್ಲಿ ಪಕ್ಷ ಬದಲಾದರೂ ಮನೆತನ ಬದಲಾಗದಿರಲು ಕಾರಣವೇನು?

ಯಾವ ಪಕ್ಷದ ಗಾಳಿ ಬೀಸಿದರೂ ಸೊರಬ ವಿಧಾನಸಭಾ ಕ್ಷೇತ್ರದಲ್ಲಿ ಮಾಜಿ ಮುಖ್ಯಮಂತ್ರಿ ಬಂಗಾರಪ್ಪನವರ ಮನೆಯವರೇ ಗೆಲ್ಲುತ್ತಾರಲ್ಲ, ಅದು ಕೇವಲ ಜಾತಿಬಲವೇ ಎಂದು ಕೇಳಿದ್ದೀರಿ. ಅವರು ಸೇರಿದ ದೀವರ (ಈಡಿಗ) ಸಮುದಾಯದ ಸಂಖ್ಯಾಬಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಶಿವಮೊಗ್ಗ ಜಿಲ್ಲೆಯ ರಾಜಕಾರಣವನ್ನು ಗಮನಿಸುತ್ತ ಬಂದಿರುವ ನನಗೆ, ಜಾತಿಗಿಂತ ಮೊದಲು ಜಮೀನಿನ ಪ್ರಶ್ನೆಯನ್ನು ನೋಡಬೇಕು ಎನಿಸುತ್ತದೆ.

ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹದ ಮೂಲದಲ್ಲಿದ್ದುದು ಗೇಣಿಯ, ಅಂದರೆ ಉಳುವವರು ಜಮೀನಿನ ಒಡೆಯರಿಗೆ ಕೊಡಬೇಕಾದ ಪಾಲಿನ, ಭತ್ತವನ್ನು ಅಳೆಯುವ ಕೊಳಗದ ಗಾತ್ರದ ಜಗಳ. ಒಡೆಯರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ ಎಂದು ತಕರಾರು ತೆಗೆದ ಗೇಣಿದಾರರಲ್ಲಿ ಹೆಚ್ಚಿನವರು ದೀವರೇ ಆಗಿದ್ದರು. ಆ ಹೋರಾಟ ಬೆಳೆಸಿದ ಸಮಾಜವಾದಿ ವಾತಾವರಣದಲ್ಲಿ, ಕುಬಟೂರಿನ ವಕೀಲ ಎಸ್. ಬಂಗಾರಪ್ಪನವರು 1967ರಲ್ಲಿ ಸಮಾಜವಾದಿಯಾಗಿ ಗೆದ್ದರು. ರಾಜ್ಯದಲ್ಲಿ ಇಂದಿರಾ ಅಲೆಯಿದ್ದ 1972ರಲ್ಲೂ ಗೆದ್ದರು. 1974ರ ಭೂಸುಧಾರಣೆಯಿಂದ ಗೇಣಿ ಪದ್ಧತಿ ಕೊನೆಗೊಂಡು, ‘ಡಿಕ್ಲರೇಷನ್’ (ಉಳುವ ಜಮೀನಿನ ಹಕ್ಕು ಕೋರುವ ಅರ್ಜಿ) ಹಾಕಿದ ಗೇಣಿದಾರರು ಭೂ ನ್ಯಾಯಮಂಡಳಿಯ ಮೂಲಕ ಹಿಡುವಳಿದಾರರಾದರು. ಆಮೇಲೆ ಬಂದದ್ದು ಬಗರ್‌ಹುಕುಂ ಸಾಗುವಳಿಯ, ಅಂದರೆ ಅನುಮತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿದ ಸಾಗುವಳಿಯ, ಸಕ್ರಮದ ಪ್ರಶ್ನೆ. ಈ ಅರ್ಜಿಗಳನ್ನು ತೀರ್ಮಾನಿಸುವ ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರಾಗಿರುವುದರಿಂದ, ಮಲೆನಾಡಿನಂಚಿನ ರೈತನಿಗೆ ಶಾಸಕ ಯಾರು ಎಂಬುದು ಪಹಣಿಯಲ್ಲಿ ಯಾರ ಹೆಸರು ಕೂರುತ್ತದೆ ಎಂಬಷ್ಟೇ ಮುಖ್ಯ. ರಾಜಧಾನಿಯಲ್ಲಿ ಕುಳಿತು ‘ಕುಟುಂಬ ರಾಜಕಾರಣ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರಿಗೆ ಈ ಸೂಕ್ಷ್ಮ ಕಾಣುವುದಿಲ್ಲ.

ಹಾಗಾಗಿ ಚಿಹ್ನೆ ಬದಲಾದರೂ ಮತ ಕದಲಲಿಲ್ಲ. ಬಂಗಾರಪ್ಪನವರು 1978ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದ, 1983ರಲ್ಲಿ ಜನತಾ ಪಕ್ಷದೊಂದಿಗೆ ಕೈಜೋಡಿಸಿದ್ದ ಕ್ರಾಂತಿರಂಗದ ನಾಯಕರಾಗಿ, 1985 ಮತ್ತು 1989ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದ, ಮುಖ್ಯಮಂತ್ರಿ ಪದವಿ ಕಳೆದುಕೊಂಡ ನಂತರ 1994ರಲ್ಲಿ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷದಿಂದ ಗೆದ್ದರು. 1996ರಲ್ಲಿ ಅವರು ಲೋಕಸಭೆಗೆ ಹೋದಾಗ ತೆರವಾದ ಸ್ಥಾನಕ್ಕೆ ಹಿರಿಯ ಮಗ, ಚಿತ್ರನಟ ಕುಮಾರ್ ಬಂಗಾರಪ್ಪ ಬಂದರು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 2004ರದು. ತಂದೆ ಬಿಜೆಪಿ ಸೇರಿದರು, ಕಿರಿಯ ಮಗ ಮಧು ಬಂಗಾರಪ್ಪ ಅದೇ ಪಕ್ಷದ ಅಭ್ಯರ್ಥಿಯಾದರು, ಕಾಂಗ್ರೆಸ್ಸಿನಿಂದ ನಿಂತ ಕುಮಾರ್ ತಮ್ಮನನ್ನು ಸೋಲಿಸಿದರು. ಅಲ್ಲಿಂದ ಮುಂದೆ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಒಂದೇ ಮನೆಯೊಳಗೆ ಸೇರಿಕೊಂಡವು. ಹಾಲಿ ಶಾಸಕರ ಮೇಲಿನ ಅಸಮಾಧಾನಕ್ಕೆ ಮತದಾರ ಮನೆಯಾಚೆ ಹೋಗಬೇಕಾಗಿಯೇ ಬರಲಿಲ್ಲ. ಅಪವಾದವೆಂದರೆ 2008. ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರ ಇಲ್ಲವಾಗಿ ಸೊರಬಕ್ಕೆ ಬಂದ ಬಿಜೆಪಿಯ ಹಾಲಪ್ಪನವರು, ಕಾಂಗ್ರೆಸ್ಸಿನ ಅಣ್ಣ ಮತ್ತು ಸಮಾಜವಾದಿ ಪಕ್ಷದ ತಮ್ಮನ ನಡುವೆ ಮತ ಹಂಚಿಹೋದಾಗ ಗೆದ್ದರು. 1967ರಿಂದ 2023ರವರೆಗಿನ 13 ಸಾರ್ವತ್ರಿಕ ಚುನಾವಣೆಗಳಲ್ಲಿ ಈ ಮನೆತನ ಸೋತದ್ದು ಅದೊಂದನ್ನೇ. 2013ರಲ್ಲಿ ಜೆಡಿಎಸ್‌ನಿಂದ ಮಧು ಗೆದ್ದರೆ, 2018ರಲ್ಲಿ ಬಿಜೆಪಿಗೆ ಹೋಗಿದ್ದ ಕುಮಾರ್ 13 ಸಾವಿರಕ್ಕೂ ಹೆಚ್ಚು ಮತಗಳಿಂದ, 2023ರಲ್ಲಿ ಕಾಂಗ್ರೆಸ್ ಸೇರಿದ್ದ ಮಧು 44 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಣ್ಣ ಬಿಟ್ಟ ಪಕ್ಷಕ್ಕೆ ತಮ್ಮ, ತಮ್ಮನ ಹಳೆಯ ಪಕ್ಷಕ್ಕೆ ಅಣ್ಣ: ಇಂಥ ಅದಲುಬದಲನ್ನು ಬೇರೆ ಕ್ಷೇತ್ರದಲ್ಲಿ ನಾನು ಕಂಡಿಲ್ಲ.

ಇದನ್ನು ಕುರುಡು ನಿಷ್ಠೆಯೆಂದೂ ಎಣಿಸಬೇಡಿ. ಲೋಕಸಭೆಗೆ ಬಂದರೆ ಇದೇ ಮನೆತನ ಶಿವಮೊಗ್ಗದಲ್ಲಿ ಸಾಲಾಗಿ ಸೋತಿದೆ: 2009ರಲ್ಲಿ ಸ್ವತಃ ಬಂಗಾರಪ್ಪನವರು, 2014ರಲ್ಲಿ ಮಗಳು ಗೀತಾ ಶಿವರಾಜ್‌ಕುಮಾರ್, 2018ರ ಉಪಚುನಾವಣೆ ಹಾಗೂ 2019ರಲ್ಲಿ ಮಧು, 2024ರಲ್ಲಿ ಮತ್ತೆ ಗೀತಾ. ಸಂಸದರ ಕೈಯಲ್ಲಿ ಬಗರ್‌ಹುಕುಂ ಸಮಿತಿ ಇರುವುದಿಲ್ಲ.